ಅಕ್ಕ ಕೇಳಬೇಕಿದ್ದ ಸದ್ದು

ಮಾರ್ಚ್ 2, ಸಂಜೆ

ಬಾನೆಟ್ಟಿನ ಕೆಳಗೆ ಇನ್ನೂ ಬಿಸಿ. ಹಳೆಯ ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿ ಹೊರಗಿಟ್ಟೆ. ಗಾಳಿ ಅಳೆಯುವ ಸೆನ್ಸರನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದಾಯಿತು. ಅಕ್ಕ ತನ್ನ ಸ್ಪೋರ್ಟ್ಸ್ ಕಾರಿಗೆಂದು ತರಿಸಿದ ಕಿಟ್ಟಿನಲ್ಲಿರುವುದು ಇಷ್ಟೇ — ಒಂದು ಅಲ್ಯೂಮಿನಿಯಂ ಪೈಪು, ಒಂದು ತೆರೆದ ಫಿಲ್ಟರು, ಕೆಲವು ಕ್ಲ್ಯಾಂಪು. ಪವರ್ ಹೆಚ್ಚುತ್ತದೆಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಹೆಚ್ಚುವುದಿಲ್ಲ. ಅಕ್ಕನಿಗೆ ಲೆಕ್ಕ ಮಾಡಿ ತೋರಿಸಿದೆ.

"ಪವರ್ ಯಾರಿಗೆ ಬೇಕೇ, ರ‍್ಯಾಂಕ್ ಮೇಡಂ? ಇದನ್ನ ಹಾಕಿದ್ರೆ ಇಂಜಿನ್ ಗಾಳಿ ಎಳ್ಕೊಳ್ಳೋದು ಒಳಗೆ ಕೂತೋರಿಗೂ ಕೇಳ್ಸತ್ತಂತೆ. ನಂಗೆ ಅಷ್ಟೇ ಬೇಕು."

ಅಕ್ಕನ ಎಡಗಿವಿ ಹೋದ ವರ್ಷವೇ ಹೋಯಿತು. ಬಲಗಿವಿಯ ನರದ ಮೇಲೂ ಗಡ್ಡೆ. ಈ ತಿಂಗಳ ಹದಿನೆಂಟಕ್ಕೆ ಆಪರೇಷನ್. ಜೀವ ಉಳಿಯುತ್ತದೆ, ಕಿವಿ ಉಳಿಯುವುದಿಲ್ಲ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅದಕ್ಕೆ ಮೊದಲು ತನ್ನ ಕಾರು ಬಾಯಿಬಿಟ್ಟು ಕೂಗುವುದನ್ನು ಒಮ್ಮೆ ಕೇಳಬೇಕಂತೆ.

ಗ್ಯಾರೇಜಿಗೆ ಕೊಡೋಣವೆಂದಳು ಅಮ್ಮ. ಇಡೀ ಕಾಲೇಜಿಗೆ ಮೊದಲ ಸ್ಥಾನ ಪಡೆದ ಮೆಕ್ಯಾನಿಕಲ್ ಇಂಜಿನಿಯರ್ ಮನೆಯಲ್ಲೇ ಇರುವಾಗ ಗ್ಯಾರೇಜಿಗೇಕೆ?

ಮಾರ್ಚ್ 5

ಪೈಪು ಕೂತಿತು. ತೃಪ್ತಿಯಿಲ್ಲ. ಫಿಲ್ಟರು ರೇಡಿಯೇಟರಿನ ಬೆನ್ನಿಗೇ ಬಂದಿದೆ. ಬಿಸಿಗಾಳಿಯನ್ನೇ ಎಳೆಯುತ್ತದೆ, ಇದ್ದ ಶಕ್ತಿಯೂ ಕುಂದುತ್ತದೆ. ಸುತ್ತ ತಗಡಿನ ಡಬ್ಬಿ ಕಟ್ಟಬೇಕು.

ಅಕ್ಕ ಕೀ ಹಿಡಿದು ಬಂದಳು. "ಕೂತಿದ್ಯಲ್ಲ, ಸ್ಟಾರ್ಟ್ ಮಾಡ್ಲಾ?"

"ಬೇಡ. ಇನ್ನೂ ಅರ್ಧಂಬರ್ಧ."

"ಒಂದೇ ಒಂದ್ಸಲ ಕಣೇ. ನಿನ್ನ ಗಂಟೇನು ಹೋಗತ್ತೆ?"

"ಸರಿಯಾಗಿ ಮಾಡಿದ್ಮೇಲೆ ಕೇಳು. ಭಾನುವಾರ."

"ಅಪ್ಪಣೆ, ಪ್ರೊಫೆಸರಮ್ಮ." ನಗುತ್ತಲೇ ಕೀಯನ್ನು ನನ್ನ ಜೇಬಿಗೆ ಹಾಕಿ ಹೋದಳು.

ಮಾರ್ಚ್ 7, ಮಧ್ಯಾಹ್ನ

ತಗಡು ಕತ್ತರಿಸಿ ಬಾಗಿಸಿದೆ. ಅಂಚು ನೇರವಿಲ್ಲವೆಂದು ಮತ್ತೆ ಬಿಚ್ಚಿದೆ. ಸಂದುಗಳಿಗೆ ಸೀಲಂಟ್ ಬಳಿದಿದ್ದೇನೆ... ನಾಳೆಗೆ ಒಣಗುತ್ತದೆ. ತಯಾರಿಸಿದ ಕಂಪನಿಯವರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು.

ಅಕ್ಕ ಒಮ್ಮೆ ಇಣುಕಿದಳು. ಈ ಸಲ ಕೀ ಕೇಳಲಿಲ್ಲ. ಗೋಡೆ ಹಿಡಿದು ಹಿಂದಿರುಗಿದಳು.

ಮಾರ್ಚ್ 8, ಬೆಳಿಗ್ಗೆ

ಅಕ್ಕನನ್ನು ಕರೆದೆ. ಮತ್ತೆ ಕರೆದೆ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೆಗಲು ಮುಟ್ಟಿದ ಮೇಲೆ ತಿರುಗಿದಳು.

"ಎದ್ದಾಗಿಂದ ಏನೂ ಇಲ್ಲ ಕಣೇ!"

ಕಿರುಚಿದಂತಿತ್ತು. ತನ್ನ ದನಿ ತನಗೇ ಕೇಳುತ್ತಿಲ್ಲ.

ಕೀ ನನ್ನ ಜೇಬಿನಲ್ಲೇ ಇದೆ.

ಮಾರ್ಚ್ 10

ಔಷಧ ಕೊಟ್ಟರೂ ಕಿವಿ ಮರಳಲಿಲ್ಲ. ಆಪರೇಷನ್ ನಾಳೆಯೇ ಅಂತೆ.

ಏಪ್ರಿಲ್ 6, ಸಂಜೆ

ಅಕ್ಕ ತಾನಾಗಿಯೇ ಹೋಗಿ ಕಾರಿನಲ್ಲಿ ಕೂತಳು, ಪಕ್ಕದ ಸೀಟಿನಲ್ಲಿ. ಸ್ಟಾರ್ಟ್ ಮಾಡೆಂದು ಸನ್ನೆ. ಮಾಡಿದೆ. ಆಕ್ಸಿಲರೇಟರ್ ಒತ್ತಿದೆ. ನನ್ನ ಅಚ್ಚುಕಟ್ಟಾದ ತಗಡಿನ ಡಬ್ಬಿ ಸದ್ದಿನ ಅರ್ಧವನ್ನು ನುಂಗಿಬಿಟ್ಟಿತ್ತು. ಅವಳು ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿದ್ದಳು.

"ನಡುಕ ಗೊತ್ತಾಗ್ತಿದೆ. ಸದ್ದು ಹೇಗಿದೆ?"

ಚೆನ್ನಾಗಿದೆ ಎಂದು ತುಟಿಯಾಡಿಸಿದೆ.

"ಚೆನ್ನಾಗಿದೆ ಅಂದ್ರೆ? ರ‍್ಯಾಂಕ್ ಬಂದೋಳು ಇಷ್ಟೇನಾ ಹೇಳೋದು? ಬರೆದ್ಕೊಡೇ. ಪೂರ್ತಿ ಬರಿ."

ಇಳಿದು ಡಬ್ಬಿಯನ್ನು ಕಿತ್ತುಹಾಕಿದೆ. ಅಂಚು ಕೈ ಕೊಯ್ದಿತು. ಮತ್ತೆ ಆಕ್ಸಿಲರೇಟರ್ ಒತ್ತಿ, ಅವಳ ಪಾಲಿನದನ್ನೂ ನಾನೇ ಕೇಳಿದೆ.

ಕೊಡುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಡೆಸಿಬೆಲ್ ಬೇಡ. ಆವರ್ತನ ಬೇಡ.

ಅಕ್ಕ, ಮೊದಲು ಅದು ಒಳಕ್ಕೆಳೆದುಕೊಳ್ಳುತ್ತದೆ. ಚಿಕ್ಕವರಿದ್ದಾಗ ನೀರಿಗೆ ಹಾರುವ ಮುಂಚೆ ನೀನು ಎಳೆದುಕೊಳ್ಳುತ್ತಿದ್ದ ಉಸಿರಿನ ಹಾಗೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ —