ಇದಕ್ಕಿಂತ ಸುಧಾರಿಸಿದ ಬಾಕ್ಸ್

ಮಳಗಿ, ಏಪ್ರಿಲ್ ೨೦೦೮

ದಾಂಡೇಲಿಯ ಟಿವಿ ಅಂಗಡಿ ಖಲೀಲಭಾಯಿ ಅವರಿಗೆ ತುಳಜಾಳ ನಮಸ್ಕಾರ.

"ಪ್ರಸಾರದ ಪದ್ಧತಿ ಬದಲಾಗಾಕತ್ತೈತಿ, ಹಳೇ ಸೆಟ್-ಟಾಪ್ ಬಾಕ್ಸ್ ಬ್ಯಾಡ್ರಿ, ಸುಧಾರಿಸಿದ್ದು ಬರತೈತಿ, ತಡೀರಿ" ಎಂದು ನೀವು ಬರೀ ಡಿಶ್ ಕೊಟ್ಟು ಕಳಿಸಿದಿರಿ. ಅತ್ತೆ ಅದನ್ನು ಅಂಗಳದಲ್ಲಿಟ್ಟು ಅದರಲ್ಲಿ ಶಂಡಿಗೆ ಒಣಗಿಸುತ್ತಾರೆ. ಸಂಜೆಯಾದರೆ ಧಾರಾವಾಹಿ ನೋಡಲು ನೆರೆಮನೆಗೆ ಹೋಗುತ್ತಾರೆ. ಆಗ "ಸಾರಿಗೆ ಉಪ್ಪು ಹಾಕೀಯೇನ?" ಎನ್ನುವವರು ಯಾರೂ ಇರುವುದಿಲ್ಲ. ನಾನೂ ಯಜಮಾನರೂ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತೇವೆ. ಅವರಿಗೂ ಮಾತು ಬರುತ್ತದೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ಗೊತ್ತಾಯಿತು.

ಹೊಸ ಬಾಕ್ಸ್ ಬಂತೆಂದು ತಿಳಿಸಿದ್ದೀರಿ, ಉಪಕಾರವಾಯಿತು. ಅದನ್ನು ಬೇರೆ ಯಾರಿಗಾದರೂ ಕೊಡಿ. ಇದಕ್ಕಿಂತ ಸುಧಾರಿಸಿದ್ದು ಬರಲಿದೆ ಎಂದು ಅತ್ತೆಯ ಹೆಸರಿಗೆ ಒಂದು ಕಾರ್ಡು ಬರೆಯಿರಿ.

ಜೊತೆಗಿರುವ ಶಂಡಿಗೆ ನಿಮ್ಮ ಡಿಶ್‌ನಲ್ಲೇ ಒಣಗಿದ್ದು.

ನಿಮ್ಮ ತಂಗಿಯಂಥ,
ತುಳಜಾ