ಟಿಕ್ ಎಂದಾಗಲೆಲ್ಲ ಹೂಂ

ಫೆಬ್ರವರಿ 3, ಸೋಮವಾರ

ಕ್ಷೌರದಂಗಡಿಗೆ ರಜೆ. ಎಂದಿನಂತೆ ಅಣ್ಣನಿಗೆ ನಾನು, ನನಗೆ ಅಣ್ಣ ಶೇವಿಂಗ್. ಇಪ್ಪತ್ತೆರಡು ವರ್ಷದ ರೂಢಿ. ಬೇರೆಯವರ ಕತ್ತಿಗೆ ಗಂಟಲು ಒಡ್ಡುವ ಧೈರ್ಯ ಇಬ್ಬರಿಗೂ ಇಲ್ಲ.

ಇವತ್ತು ಅವನ ದವಡೆಯ ಕೆಳಗೆ ಕತ್ತಿ ತಾಗಿತು. ಒಂದು ಹನಿ ರಕ್ತ. "ನಾನೇ ಅಲ್ಲಾಡಿದೆ ಬಿಡೋ" ಅಂದ. ಅಲ್ಲಾಡಿರಲಿಲ್ಲ.

ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಮೂರು ತಿಂಗಳು. ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಕುರ್ಚಿಗೆ ಯಾರು ಬರುತ್ತಾರೆ? ಈಗಲೇ ಗಡ್ಡದ ಗಿರಾಕಿಗಳನ್ನೆಲ್ಲ ಅಣ್ಣ ತನ್ನ ಕಡೆ ಎಳೆದುಕೊಳ್ಳುತ್ತಾನೆ. ದುರಾಸೆ.

ಫೆಬ್ರವರಿ 6

ಪ್ರತಿ ಬುಧವಾರ ಹಟ ಹಿಡಿದು ನನ್ನ ಹತ್ತಿರವೇ ಶೇವಿಂಗ್‌ಗೆ ಬರುವ ಮೇಷ್ಟ್ರ ಮಗಳು ಬಂದಿದ್ದಳು. ಮಿದುಳಿನ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುತ್ತಾಳೆ.

"ಅಂಕಲ್, ಐವತ್ತು ದಾಟಿದ, ಕೈ ಚೆನ್ನಾಗಿರೋರು ಬೇಕು. ನಿಮ್ಮ ಕೈಗಿಂತ ಒಳ್ಳೆ ಕೈ ಎಲ್ಲಿ ಸಿಗುತ್ತೆ?"

ಅಂಗಡಿ ತುಂಬ ಜನ. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಒಪ್ಪಿಕೊಂಡೆ. ಅಣ್ಣ ಬಾಚಣಿಗೆ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದ.

ಫೆಬ್ರವರಿ 11, ಸಂಜೆ 5

ಲ್ಯಾಬ್‌ನಲ್ಲಿ ತಲೆಯ ಮೇಲೆ ಕಾಯಿಲ್, ಅಂದರೆ ಆಯಸ್ಕಾಂತದ ಸುರುಳಿ, ಹಿಡಿದು ಗುಂಡಿ ಒತ್ತಿದರೆ ಹೆಬ್ಬೆರಳು ತಾನಾಗಿ ಅದುರುತ್ತದೆ. ತೋರುಬೆರಳಿಗೆ ತಂತಿಯ ಉಂಗುರ, ಅದರಲ್ಲಿ ಸಣ್ಣ ಕರೆಂಟ್. ಬೆರಳಿನ ಸುದ್ದಿ ಮೊದಲೇ ಮಿದುಳಿಗೆ ಮುಟ್ಟಿದ್ದರೆ, ಅದು ಒಂದು ಚೂರು ಬ್ರೇಕ್ ಹಾಕುತ್ತದಂತೆ. ಆಗ ಹೆಬ್ಬೆರಳು ಕಡಿಮೆ ಅದುರಬೇಕು. ನನ್ನದು ಮೊದಲಿನಷ್ಟೇ ಅದುರಿತು.

"ಬೆರಳಲ್ಲಿ ಕರೆಂಟ್ ಗೊತ್ತಾಗ್ತಿದೆ ತಾನೇ?"

ಕರೆಂಟ್ ಕೊಡುವ ಪೆಟ್ಟಿಗೆ ಪ್ರತಿ ಸಲ ಟಿಕ್ ಅನ್ನುತ್ತಿತ್ತು. ಟಿಕ್ ಎಂದಾಗಲೆಲ್ಲ ಹೂಂ ಅಂದೆ... ಒಳ್ಳೆ ವಿದ್ಯಾರ್ಥಿಯ ಹಾಗೆ.

ಅವಳು ಪರದೆ ನೋಡಿದಳು. ನನ್ನನ್ನು ನೋಡಿದಳು. "ಅಂಕಲ್, ಕಳೆದ ಐದು ಸಲ ಉಂಗುರದ ವೈರ್ ಕಿತ್ತಿಟ್ಟಿದ್ದೆ."

ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

"ನಾಳೆ ಬುಧವಾರ. ಅಪ್ಪ ನಿಮ್ಮ ಹತ್ರ ಶೇವಿಂಗ್‌ಗೆ ಬರ್ತಾರೆ" ಅಂದಳು. ಅಷ್ಟೇ.

ಫೆಬ್ರವರಿ 12

ಮೇಷ್ಟ್ರನ್ನು ಕಂಡ ಕೂಡಲೇ ಹೊಟ್ಟೆನೋವು ಎಂದು ಮನೆಗೆ ಬಂದೆ.

ಫೆಬ್ರವರಿ 17, ಸೋಮವಾರ

ಅಣ್ಣ ಟವೆಲ್ ಹೊದ್ದು ಕುರ್ಚಿಯಲ್ಲಿ ಕೂತ. ನಾನು ಕತ್ತಿ ಮುಟ್ಟಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಗೊತ್ತು ಕಣೋ. ಕುದಿಯೋ ನೀರಿಗೆ ಎರಡು ಬೆರಳು ಹಾಕ್ಕೊಂಡು ಹಾಗೇ ಮಾತಾಡ್ತಾ ನಿಂತಿದ್ದೆಯಲ್ಲ, ಅವತ್ತೇ ಗೊತ್ತಾಯ್ತು. ಅದಕ್ಕೇ ಗಡ್ಡದೋರನ್ನ ನಾನು ಕರ್ಕೊಳ್ತಿದ್ದೆ."

"ಮತ್ತೆ ಸೋಮವಾರ ಸೋಮವಾರ ನೀನು ಕೂತಿದ್ದು?"

"ಕೈ ಎಷ್ಟು ಕೆಟ್ಟಿದೆ ನೋಡ್ಬೇಕಿತ್ತಲ್ಲ. ಬೇರೆಯವರ ಗಂಟಲಲ್ಲಿ ನೋಡೋಕಾಗುತ್ತಾ?"

ಅತ್ತುಬಿಟ್ಟೆ. ಅಂಗಡಿಯ ಮೂರು ಕನ್ನಡಿಯಲ್ಲೂ ಅತ್ತೆ. ನಾಳೆ ಡಾಕ್ಟರ ಹತ್ತಿರ.

ಜೂನ್ 9, ಸೋಮವಾರ

ಮಣಿಕಟ್ಟಿನಲ್ಲಿ ನರ ಇಕ್ಕಟ್ಟಾಗಿತ್ತಂತೆ. ಆಪರೇಷನ್ ಆಗಿ ಹದಿಮೂರು ವಾರ. ಅಂಗಡಿಯಲ್ಲಿ ಕಸ ಗುಡಿಸುತ್ತೇನೆ, ಟವೆಲ್ ಒಗೆಯುತ್ತೇನೆ. ಅಣ್ಣ ಗಡ್ಡ ಬಿಟ್ಟಿದ್ದಾನೆ. "ನೀನೇ ತೆಗೀಬೇಕು, ಇಲ್ಲಾಂದ್ರೆ ಇರಲಿ" ಅನ್ನುತ್ತಾನೆ. ಗಂಟಲು ಮುಚ್ಚುವಷ್ಟು ಬೆಳೆದಿದೆ, ಕರಡಿ.

ಇವತ್ತು ಮತ್ತೆ ಲ್ಯಾಬ್. ಅಣ್ಣ ಬಾಗಿಲ ಬಳಿ ಸ್ಟೂಲ್ ಮೇಲೆ ಕೂತ. ಮೇಷ್ಟ್ರ ಮಗಳು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಟಿಕ್ ಕೇಳಿಸಬಾರದಲ್ಲ — ಕಳ್ಳನಿಗೆ ತಕ್ಕ ಕಾವಲು. ಕರೆಂಟ್ ಗೊತ್ತಾದರೆ ಮಾತ್ರ ಹೂಂ ಅನ್ನಬೇಕು.

ಕೂತೆ. ಏನೂ ಇಲ್ಲ. ಕಣ್ಣು ಮುಚ್ಚಿದೆ. ಏನೂ ಇಲ್ಲ. ಅಣ್ಣನ ಗಡ್ಡ ನೆನಪಾಯಿತು. ಸುಳ್ಳು ಹೂಂ ನಾಲಿಗೆ ತುದಿಗೆ ಬಂತು, ನುಂಗಿದೆ. ಆಮೇಲೆ ತೋರುಬೆರಳಿನಲ್ಲಿ, ಉಗುರಿನ ಪಕ್ಕ, ಸಣ್ಣಗೆ ಜುಮ್ಮೆಂದಿತು. ಹೂಂ ಅಂದೆ.