ಸಕ್ಕರೆ ಪುಸ್ತಕ

ನರ್ಸಮ್ಮನವರಿಗೆ ನಮಸ್ಕಾರ.

ನಮ್ಮ ಯಜಮಾನರ ಸಕ್ಕರೆ ಬರೆದಿಡಲು ನೀವು ಕೊಟ್ಟಿದ್ದ ಪುಸ್ತಕವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದ್ದೇನೆ. ಅದರಲ್ಲಿರುವುದೆಲ್ಲ ನನ್ನ ಸಕ್ಕರೆ. ಸೂಜಿ ಕಂಡರೆ ಇವರು "ಇವತ್ತೊಂದಿನ ಬಿಟ್ಬಿಡೇ" ಅಂತ ಕೈ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ನೋಡಲಾರದೆ ನನ್ನ ಬೆರಳನ್ನೇ ಚುಚ್ಚಿಕೊಂಡೆ. ಒಂದೇ ಪಾತ್ರೆಯ ಊಟ, ಏನು ಮಹಾ ವ್ಯತ್ಯಾಸ ಅಂದುಕೊಂಡೆ.

ಆ ಪುಸ್ತಕ ನೋಡಿ, ಸಕ್ಕರೆ ಏರಿದೆಯೆಂದು ಹೋದ ವಾರ ಡಾಕ್ಟರು ಇವರ ಮಾತ್ರೆ ಹೆಚ್ಚಿಸಿದರು. ನಿನ್ನೆ ಇವರು ಬೆವತು ಬಚ್ಚಲ ಬಾಗಿಲಲ್ಲಿ ಕುಸಿದರು. ಆಗ ಮೊದಲ ಸಲ ಇವರ ಬೆರಳು ಚುಚ್ಚಿದೆ, ಬರೀ ಐವತ್ತೆರಡಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತರು. ಇವತ್ತು ಮಾತ್ರೆ ಕೊಟ್ಟಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈಯಿರಿ, ಆದರೆ ಇವತ್ತೇ ಬನ್ನಿ. ಇವರಿಗೆ ಹೊಸ ಪುಸ್ತಕ ತನ್ನಿ. ಹಳೆಯದರ ಮೇಲಿದ್ದ ಇವರ ಹೆಸರು ಹೊಡೆದುಹಾಕಿ ನನ್ನದು ಬರೆದಿದ್ದೇನೆ.

ಇಂತಿ,
ಮೂರನೇ ಮಹಡಿಯ ಅಜ್ಜಿ